ಮಣ್ಣಿನ ಜಾಗ

ಅಪ್ಪನನ್ನು ನೋಡಲು ಟಿಕೆಟ್ ತೆಗೆಸಿಕೊಂಡು ಹೋದವರು ನಾವು. ಆಸ್ಪತ್ರೆಗಲ್ಲ, ಜೈಲಿಗೂ ಅಲ್ಲ. ಲಿಂಗಸುಗೂರಿನ ಬಾಗಿಗೆ. ಅಪ್ಪ ಸತ್ತು ಆಗಲೇ ಹತ್ತು ವರ್ಷವಾಗಿತ್ತು.

ಸಿಟ್ಟು ಬಂದರೆ ನನ್ನ ಮಾತು ಹಿಂದುಮುಂದಾಗುತ್ತದೆ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಊರ ಅಂಚಿನಲ್ಲಿ, ಛಾವಣಿ ಎನ್ನುವ ಹಳೆಯ ದಂಡುಪ್ರದೇಶದ ಆಚೆ, ಬಿಳಿ ಸಾಹೇಬರ ಕಾಲದ ಒಂದು ತೋಟವಿದೆ. ಕಾಗದದ ಮೇಲೆ ಅದು ಉದ್ಯಾನವನ. ಜನರ ಬಾಯಲ್ಲಿ ಬಾಗು. ಪಡುವಣದ ಅಂಚಿಗೆ ಕಲ್ಲಿನ ಕಾರಂಜಿ, ಸುತ್ತ ದೊಡ್ಡ ದೊಡ್ಡ ಮರ, ಮರದ ಕೆಳಗೆ ಕಲ್ಲುಬೆಂಚು. ಬಾಗಿಲಲ್ಲಿ ಒಂದು ಫಲಕವಿದೆ. ಯಾವ ಸಾಹೇಬ ಹಾಕಿಸಿದ, ಎಷ್ಟು ಜಾತಿಯ ಮರ ತರಿಸಿದ ಎಂದು ಬರೆದಿದ್ದಾರೆ. ಕೆರೆಯ ಹೂಳನ್ನು ಬುಟ್ಟಿಯಲ್ಲಿ ಹೊತ್ತು ಆ ಕಲ್ಲುನೆಲಕ್ಕೆ ಮಣ್ಣು ತುಂಬಿದವರು ನಮ್ಮ ಮಾದಿಗ ಕೇರಿಯವರು. ಬಿಟ್ಟಿ ದುಡಿದವರು. ಅವರ ಹೆಸರಿಗೆ ಫಲಕದಲ್ಲಿ ಜಾಗ ಸಾಲಲಿಲ್ಲ. ಮರದ ಲೆಕ್ಕ ಮಾತ್ರ ಸರಿಯಾಗಿ ಬರೆದಿದ್ದಾರೆ.

ಆ ಬಾಗಿನ ಪಡುವಣಕ್ಕೆ ಹೊಂದಿಕೊಂಡು ಒಂದು ಹುಣಸೆಮರ, ಅದರ ಕೆಳಗೆ ಎರಡು ಎಕರೆಯಷ್ಟು ಖಾಲಿ ನೆಲ. ನಮ್ಮ ಕೇರಿಯಲ್ಲಿ ಯಾರು ಸತ್ತರೂ ಅಲ್ಲಿಗೇ ಒಯ್ಯುತ್ತಿದ್ದರು. ನಾವು ಸುಡುವವರಲ್ಲ, ಹೂಳುವವರು. ಹೂಳುವುದು ಎಂದೂ ನಾವು ಅನ್ನುವುದಿಲ್ಲ. ‘ಮಣ್ಣು ಮಾಡುವುದು’ ಅನ್ನುತ್ತೇವೆ. ಹೆಣದ ಹಿಂದೆ ಹೋಗುವುದಕ್ಕೆ ‘ಮಣ್ಣಿಗೆ ಹೋಗುವುದು’ ಅನ್ನುತ್ತೇವೆ. ಗಂಡಸರು, ಹೆಂಗಸರು, ಮಕ್ಕಳು, ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಟ್ಟು ಬರಬೇಕು. ಕೊಡದೆ ಬಂದವರಿಗೆ ಸತ್ತವರ ಮನೆಯಲ್ಲಿ ಆ ದಿನ ನೀರೂ ಕೊಡುವುದಿಲ್ಲ. ಆಮೇಲೆ ತಲೆಯ ಕಡೆ ಒಂದು ಕಾಡುಗಲ್ಲು ನೆಡುತ್ತೇವೆ. ಕಲ್ಲಿನ ಮೇಲೆ ಹೆಸರಿಲ್ಲ, ಬರೆಯಲು ಯಾರಿಗೆ ಬರುತ್ತಿತ್ತು. ಅಪ್ಪ ಬಾಲಪ್ಪನ ಕಲ್ಲು ಎಮ್ಮೆಯ ಮೋರೆಯಂತೆ ಮುಂದಕ್ಕೆ ಚಾಚಿಕೊಂಡಿತ್ತು. ನಾನು ಒಂಬತ್ತು ವರ್ಷದವಳು, ಅದರ ಮೇಲೆ ಕೈಯಿಟ್ಟು ಅತ್ತದ್ದು ನೆನಪಿದೆ.

ಆ ಕೇರಿಯಲ್ಲಿ ಹತ್ತನೆಯ ಇಯತ್ತೆ ಪಾಸಾದ ಮೊದಲ ಹುಡುಗಿ ನಾನು, ಅಯ್ಯಮ್ಮ. ಎಂಬತ್ತೊಂಬತ್ತನೆಯ ಇಸವಿ. ಮಾರ್ಕ್ಸ್‌ಕಾರ್ಡು ಬಂದ ತಿಂಗಳೇ ಬಾಗನ್ನು ಹಿಗ್ಗಿಸುವ ಹುಕುಂ ಬಂತು. ಟೇಪು ಹಿಡಿದವರು ಬಂದು ಹುಣಸೆಮರದ ಸುತ್ತ ಗೂಟ ಬಡಿದು ಸುಣ್ಣದ ಗೆರೆ ಎಳೆದು ಹೋದರು.

ಅಪ್ಪನ ಅಣ್ಣ ಗದ್ದೆಪ್ಪ ದೊಡ್ಡಪ್ಪ ಕೇರಿಗೆ ಹಿರಿಯ. ಎಲ್ಲರನ್ನೂ ಸೇರಿಸಿದ. ಅರ್ಜಿ ಕೊಡಬೇಕು ಅಂದ. ಈ ಸಲ ಚಾವಡಿಯ ಬರಹಗಾರನ ಕಾಲು ಹಿಡಿಯುವುದು ಬೇಡ, ನಮ್ಮ ಹುಡುಗಿಯೇ ಇದ್ದಾಳೆ ಅಂದ. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ನಾಲ್ಕು ಗೆರೆಯ ಹಾಳೆ, ಹೊಸ ರೀಫಿಲ್ಲು. ಸುತ್ತ ಇಡೀ ಕೇರಿ ಕೂತಿತ್ತು.

ಜಾಗಕ್ಕೆ ಏನು ಅಂತ ಬರೆಯಲಿ ಎಂದು ಕೇಳಿದೆ. ಸುಡುಗಾಡು ಎಂದು ಬರೆದುಬಿಟ್ಟಿದ್ದೆ. ದೊಡ್ಡಪ್ಪ ತಡೆದ.

“ಸುಡುಗಾಡು ಅನ್ನಬ್ಯಾಡವಾ. ಅದು ಬೈಗುಳ. ನಾವೇನು ಸುಡತೀವೇನು? ನಮ್ಮವರು ಮಲಗ್ಯಾರ ಅಲ್ಲಿ. ಮಣ್ಣಿನ ಜಾಗ ಅಂತ ಬರಿ.”

ಅವ್ವನೂ ಹೌದು ಅಂದಳು. ನಾನು ಸುಡುಗಾಡು ಹೊಡೆದು ಹಾಕಿ ಬರೆದೆ: ‘ನಮ್ಮ ಹಿರಿಯರ ಕಾಲದಿಂದಲೂ ಸದರಿ ಜಾಗವು ನಮ್ಮ ಕೇರಿಯವರ ಮಣ್ಣಿನ ಜಾಗವಾಗಿದ್ದು, ಅದನ್ನು ನಮಗೇ ಬಿಟ್ಟುಕೊಡಬೇಕಾಗಿ ವಿನಂತಿ.’ ‘ಸದರಿ’ ಎಂಬ ಶಬ್ದ ಹಾಕಿದ್ದಕ್ಕೆ ನನಗೆ ಒಳಗೇ ಹಿಗ್ಗು. ಮೂವತ್ತೊಂದು ಹೆಬ್ಬೆಟ್ಟು, ಒಂದು ಸಹಿ. ಸಹಿ ನನ್ನದು.

ಯಾವ ಆಫೀಸಿಗೆ ಕೊಟ್ಟೆವು ಎಂದು ಹೇಳುವುದಿಲ್ಲ. ಹೇಳಿ ಏನು ಉಪಯೋಗ, ಎಲ್ಲಾ ಆಫೀಸುಗಳ ಹೊರಗೂ ನಮಗೆ ನಿಲ್ಲಲು ಒಂದೇ ಬೇವಿನಮರ. ಮೂರು ತಿಂಗಳಿಗೆ ಉತ್ತರ ಬಂತು. ನಾನೇ ಒಡೆದು ಓದಿದೆ. ಅರ್ಜಿದಾರರು ಸರ್ಕಾರಿ ಬೀಳು ಜಮೀನಿನಲ್ಲಿ ಬಹುಕಾಲದಿಂದ ಮಣ್ಣು ತೆಗೆಯುತ್ತಿರುವುದಾಗಿ ತಾವೇ ಒಪ್ಪಿಕೊಂಡಿದ್ದಾರೆ ಎಂದು ಬರೆದಿತ್ತು. ಸದರಿ ಮಣ್ಣು ಉದ್ಯಾನವನಕ್ಕೆ ಯೋಗ್ಯವಾಗಿದೆ. ಅರ್ಜಿದಾರರು ತಮ್ಮ ಮಣ್ಣಿನ ಅವಶ್ಯಕತೆಗಾಗಿ ಮಸ್ಕಿ ರಸ್ತೆಯ ಮೊರಂ ಕುಣಿಯನ್ನು ಬಳಸಿಕೊಳ್ಳಲು ಅಭ್ಯಂತರವಿಲ್ಲ. ಮೊರಂ ಕುಣಿ ಅಂದರೆ ರಸ್ತೆಗೆ ಹಾಕುವ ಗರಸು ತೆಗೆದ ಗುಂಡಿ.

ನಾನು ಎರಡು ಸಲ ಓದಿಕೊಂಡೆ. ಮೂರನೆಯ ಸಲ ಅಕ್ಷರ ಕಾಣಲಿಲ್ಲ. ಏನು ಬರೆದಾರ ಎಂದು ಅವ್ವ ಕೇಳಿದಳು. ಆಗೂದಿಲ್ಲ ಅಂದಾರ, ಅಂದೆ. ಅಷ್ಟನ್ನೇ ಹೇಳಿದೆ. ನನ್ನ ಅಕ್ಷರದಿಂದಲೇ ಅಪ್ಪನ ನೆಲ ಹೋಯಿತು ಎಂದು ಹೇಗೆ ಹೇಳಲಿ? ಆ ಕಾಗದವನ್ನು ಮಡಚಿ ಮಾರ್ಕ್ಸ್‌ಕಾರ್ಡಿನ ಹಿಂದೆ ಇಟ್ಟೆ. ಎರಡು ವರ್ಷ ಅದು ಅಲ್ಲೇ ಇತ್ತು.

ಕಾಂಪೌಂಡು ಎದ್ದಿತು. ನೆಲ ಸಮ ಮಾಡಲು ಆಳು ಬೇಕಾಯಿತು. ಮೇಸ್ತ್ರಿ ಶಿವಶರಣಪ್ಪ ಕೇರಿಗೇ ಬಂದ. ಗದ್ದೆಪ್ಪ ದೊಡ್ಡಪ್ಪ ಒಲ್ಲೆ ಎಂದು ಮಗ್ಗುಲಾದ. ಅವತ್ತೇ ಸಿಂಧನೂರಿನ ಬಸ್ಸು ಹತ್ತಿ ಮುಕ್ಕುಂದದ ಕಡೆ ಭತ್ತ ಕೊಯ್ಯಲು ಹೋದವನು ಎರಡು ತಿಂಗಳು ಮುಖ ತೋರಿಸಲಿಲ್ಲ. ಅವ್ವ ಆದಮ್ಮ ಮಾತ್ರ ಬುಟ್ಟಿ ತೆಗೆದುಕೊಂಡು ಹೊರಟಳು. ನನಗೆ ಮೈಯೆಲ್ಲ ಉರಿಯಿತು. ನಿನಗ ನಾಚಿಕಿ ಆಗೂದಿಲ್ಲೇನು ಎಂದು ಕೇಳಿಯೇಬಿಟ್ಟೆ.

“ಬ್ಯಾರೇರು ಹಾರಿ ಹಾಕಿದ್ರ ಎಲುಬಿಗೆ ಹತ್ತತೈತಿ,” ಅಂದಳು. “ನಮ್ಮ ಕೈಯಾಗಾದ್ರ ಮೆಲ್ಲಕ ತಗೀತೀವಿ.”

ಇಪ್ಪತ್ತಾರು ದಿನ ಆ ಕೆಲಸ ನಡೆಯಿತು. ಗುಂಡಿಯ ಮೇಲಿನ ದಿಬ್ಬಗಳನ್ನು ಹೆರೆದು ಸಮ ಮಾಡಿದರು. ಕಲ್ಲುಗಳನ್ನು ಕಿತ್ತು ಕಾರಂಜಿಯ ಹತ್ತಿರ ಒಟ್ಟಿದರು. ಅಪ್ಪನ ಕಲ್ಲನ್ನು ಅವ್ವನೇ ಹೊತ್ತಳು. ಸಿಂಬಿ ಸುತ್ತಿ, ಇನ್ನೊಬ್ಬರಿಂದ ತಲೆಗೆ ಎತ್ತಿಸಿಕೊಂಡು, ಕುತ್ತಿಗೆ ಅಲುಗದಂತೆ ನಡೆದಳು. ಮದುವೆಯ ದಿನ ಐರಾಣಿ ಗಡಿಗೆ ಹೊತ್ತವಳೂ ಅಷ್ಟು ಜೋಪಾನ ಮಾಡಿರಲಿಕ್ಕಿಲ್ಲ. ಆ ಕಲ್ಲುಗಳನ್ನೇ ಹೂವಿನ ಪಾತಿಯ ಸುತ್ತ ಅಂಚಿಗೆ ಹೂತು ಒಂದಕ್ಕೆ ಸುಣ್ಣ, ಒಂದಕ್ಕೆ ಕೆಮ್ಮಣ್ಣು ಬಳಿದರು. ಅಪ್ಪನ ಕಲ್ಲಿಗೆ ಕೆಮ್ಮಣ್ಣು ಬಂತು. ಅವ್ವನ ಕುತ್ತಿಗೆ ಮುಂದೆ ಯಾವತ್ತೂ ಎಡಕ್ಕೆ ತಿರುಗಲಿಲ್ಲ.

ಹುಣಸೆಮರ ಕಡಿದರು. ಅದರ ನೆರಳಿಗೆ ಹುಲ್ಲು ಏಳುವುದಿಲ್ಲವಂತೆ. ಎಲ್ಲಿಂದಲೋ ಮೆತ್ತನೆಯ ಹುಲ್ಲು ತಂದು ನೆಟ್ಟರು. ಒಂದು ಮಳೆಗಾಲ ಕಳೆಯುವುದರೊಳಗೆ ಇಡೀ ಎರಡು ಎಕರೆ ಹಚ್ಚಗಾಯಿತು. ನೋಡಿದವರೆಲ್ಲ ಎಂಥಾ ಫಲವತ್ತು ಮಣ್ಣು ಎಂದು ಹೊಗಳಿದರು. ಆಗದೆ ಏನು. ಮೂರು ತಲೆಮಾರು ಅದರೊಳಗಿತ್ತು.

ಅವ್ವ ಅಲ್ಲೇ ದಿನಗೂಲಿಗೆ ನಿಂತಳು. ಹುಲ್ಲಿನ ನಡುವಿನ ಕಸ ತೆಗೆಯುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕುಕ್ಕರಗಾಲಲ್ಲಿ ಕೂತು ಕುರ್ಪಿಯಿಂದ ಒಂದೊಂದೇ ಬೇರು ಎಬ್ಬಿಸುತ್ತ ಪಕ್ಕಕ್ಕೆ ಸರಿಯಬೇಕು. ಎದ್ದು ನಿಂತರೆ ಮೇಸ್ತ್ರಿ ಕೂಗುತ್ತಿದ್ದ. ಮೊಣಕಾಲು ಬಾತು ತೆಂಗಿನಕಾಯಿಯಂತಾದವು. ಉಚ್ಚೆಗೆ ಕಾಂಪೌಂಡಿನ ಹೊರಗೆ ಹೋಗಬೇಕು, ನೀರನ್ನೂ ಹೊರಗೇ ಕುಡಿಯಬೇಕು. ಕಲ್ಲುಬೆಂಚಿನ ಮೇಲೆ ಆಳುಗಳು ಕೂರುವಂತಿಲ್ಲ. ಆದರೂ ಅವ್ವ ಆ ಕೆಲಸ ಬಿಡಲಿಲ್ಲ. ನಾನು ಸಂತೆಕಲ್ಲೂರಿನಲ್ಲಿ ಅಂಗನವಾಡಿ ಸೇರಿದ ಮೇಲೆ ಸಾಕು ಬಿಡು ಅಂದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನನಗೆ ಗೊತ್ತಾಯಿತು. ಕಾರಂಜಿಯಿಂದ ಪಡುವಣಕ್ಕೆ ಇಪ್ಪತ್ತೆರಡು ಹೆಜ್ಜೆ, ಅಪ್ಪ ಮಲಗಿದ ಜಾಗ. ಅಲ್ಲಿಗೆ ಬಂದಾಗ ಅವಳು ಕುರ್ಪಿ ಬದಿಗಿಟ್ಟು ಬರೀ ಕೈಯಿಂದ ಕಸ ಕೀಳುತ್ತಿದ್ದಳು.

ತೊಂಬತ್ತೊಂದನೆಯ ಇಸವಿಯಲ್ಲಿ ಬಾಗಿಗೆ ಟಿಕೆಟ್ ಇಟ್ಟರು. ಭಾನುವಾರ ಸಿಂಧನೂರಿನಿಂದ ಜೀಪುಗಳಲ್ಲಿ ಜನ ಬರತೊಡಗಿದರು. ಹೊಸದಾಗಿ ಮದುವೆಯಾದವರು ಹುಲ್ಲಿನ ಮೇಲೆ ಒರಗಿಕೊಂಡು ಫೋಟೋ ಹೊಡೆಸಿಕೊಂಡರು. ಒಂದು ಹೊಸ ಫಲಕ ಬಂತು. ಅದರಲ್ಲಿ ಏನಿದೆ ಎಂದು ಅವ್ವ ಕೇಳಿದಳು. ಹುಲ್ಲಿನ ಮೇಲೆ ಕಾಲಿಡಬೇಡಿ ಎಂದಿದೆ ಅಂದೆ. ಅಷ್ಟಾದರೂ ಬರೆದಿದ್ದಾರಲ್ಲ ಎಂದು ಸಮಾಧಾನಪಟ್ಟಳು. ಫಲಕವನ್ನು ಯಾರೂ ಓದುತ್ತಿರಲಿಲ್ಲ.

ಆ ವರ್ಷ ಮಾನಮಿ ಅಮಾಸೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ಹಿಂದೆ ಕೇರಿಗೆ ಕೇರಿಯೇ ಹುಣಸೆಮರದ ಕೆಳಗೆ ನೆರೆಯುತ್ತಿತ್ತು. ಎರಡು ವರ್ಷದಿಂದ ಎಲ್ಲರೂ ಮನೆಯೊಳಗೆ ಗೋಡೆಯ ಕಡೆ ಮುಖ ಮಾಡಿ ಎಡೆ ಇಟ್ಟು ಸುಮ್ಮನಾಗಿದ್ದರು. ಅವ್ವ ಈ ಸಲ ಆಗದು ಅಂದಳು. ಕೆಲಸಕ್ಕೆ ರಜೆ ಹಾಕಿದಳು. ಜಳಕ ಮಾಡಿ ನನ್ನ ಮೊದಲ ಪಗಾರದ ಇಳಕಲ್ ಸೀರೆ ಉಟ್ಟಳು. ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ ಮುತ್ತುಗದ ಎಲೆಯಲ್ಲಿ ಕಟ್ಟಿದಳು. ಅಪ್ಪ ಸೇದುತ್ತಿದ್ದ ಬೀಡಿಯ ಕಟ್ಟನ್ನೂ ಇಟ್ಟುಕೊಂಡಳು. ಆಳುಗಳ ಬಾಗಿಲಿನಿಂದ ಹೋಗೋಣ, ಟಿಕೆಟ್ ಬೇಕಿಲ್ಲ ಎಂದು ನಾನು ಹೇಳಿದರೆ ಕೇಳಲಿಲ್ಲ. ದೊಡ್ಡ ಬಾಗಿಲಲ್ಲೇ ನಿಂತು ಎರಡು ಟಿಕೆಟ್ ತೆಗೆಸಿದಳು.

ಬಾಗಿಲು ಕಾಯುವ ದಸ್ತಗೀರ್‌ಸಾಬ್ ಅಪ್ಪನ ಓರಗೆಯವನು. ಅಪ್ಪನ ಮಣ್ಣಿಗೂ ಬಂದಿದ್ದ. ಅವ್ವನ ಕೈಯ ಗಂಟನ್ನು ನೋಡಿದ. ಒಳಗೆ ಊಟ ಒಯ್ಯುವಂತಿಲ್ಲ. ಅವನು ಟಿಕೆಟ್ ಹರಿದು ಕೊಟ್ಟು ಆ ಕಡೆ ತಿರುಗಿ ಬೀಗದ ಕೈ ಎಣಿಸತೊಡಗಿದ.

ನಾವು ಇಪ್ಪತ್ತೆರಡು ಹೆಜ್ಜೆ ನಡೆದೆವು. ಅವ್ವ ಚಪ್ಪಲಿ ಬಿಟ್ಟು ಕೂತಳು. ಕುಕ್ಕರಗಾಲಲ್ಲಿ ಅಲ್ಲ, ಚಕ್ಕಳಮಕ್ಕಳ ಹಾಕಿಕೊಂಡು ಕೂತಳು. ಎಲೆ ಬಿಚ್ಚಿದಳು. ಬೀಡಿ ಹಚ್ಚಿ ಹುಲ್ಲಿನಲ್ಲಿ ಸಿಗಿಸಿದಳು. ಸ್ವಲ್ಪ ದೂರದಲ್ಲಿ ಒಂದು ಸಂಸಾರ, ಯಾರ ಅಡ್ಡಿಯೂ ಇಲ್ಲದೆ, ಹಾಳೆ ಹಾಸಿ ಮಂಡಾಳು ಮಿರ್ಚಿ ತಿನ್ನುತ್ತ ನಮ್ಮನ್ನು ನೋಡಿ ನಕ್ಕಿತು. ಅವರ ಪಾಲಿಗೆ ನಾವೂ ಬಾಗು ನೋಡಲು ಬಂದವರು.

ಆಗ ಶಿವಶರಣಪ್ಪ ಬಂದ. ಮರುದಿನ ಯಾರೋ ದೊಡ್ಡ ಸಾಹೇಬರು ಬರುವವರಿದ್ದರು. ಅವನಿಗೆ ಎಲೆಯೂ ಕಾಣಲಿಲ್ಲ, ಹೊಸ ಸೀರೆಯೂ ಕಾಣಲಿಲ್ಲ. ಕೂತ ಆಳು ಕಂಡಳು.

“ಏ ಆದಮ್ಮ, ಹೆಂಗೂ ಕುಂತೀಯಲ್ಲ. ಆ ತುದಿತನಕ ಕಸ ತಗದುಬಿಡು.”

ಅವ್ವ ತಲೆ ಎತ್ತಿದಳು. ನಾನು ಅವಳ ಮೋರೆ ನೋಡಿದೆ. ಇಪ್ಪತ್ತು ವರ್ಷ ಯಾರ್ಯಾರಿಗೋ ಹ್ಞೂಂರೀ ಅಂದ ಬಾಯಿ ಅದು.

“ಇವತ್ತ ನಾ ಆಳಲ್ಲರೀ,” ಅಂದಳು. “ಟಿಕೇಟು ತಗಸೀನಿ.”

ಟಿಕೆಟನ್ನು ಎತ್ತಿ ತೋರಿಸಿದಳು. ಮಂಡಾಳು ತಿನ್ನುತ್ತಿದ್ದವರು ತಿನ್ನುವುದನ್ನು ಬಿಟ್ಟು ನೋಡಿದರು. ಮೇಸ್ತ್ರಿಗೆ ಅದೇ ಹತ್ತಿತು. ಹುಲ್ಲಿನ ಮೇಲೆ ಅನ್ನ ಚೆಲ್ಲಿದ್ದೀರಿ, ಬೀಡಿ ಹಚ್ಚಿದ್ದೀರಿ ಎಂದು ಅಬ್ಬರಿಸಿದ. ಬೂಟಿನ ತುದಿಯಿಂದ ಎಲೆಯನ್ನು ಪಾತಿಯ ಕಡೆ ದೂಡಿದ. ಹೋಳಿಗೆ ಮಣ್ಣಾಯಿತು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಹೇಳಿ ಹೋದ. ನಾನು ಓದಿದವಳು, ಪಗಾರ ತರುವವಳು, ನೂರು ಮಾತು ಬರುವವಳು. ಒಂದು ಮಾತೂ ಆಡಲಿಲ್ಲ. ಕಾಲಿನ ಕೆಳಗೆ ಅಪ್ಪ ಇದ್ದ. ಅದನ್ನಾದರೂ ಹೇಳಬಹುದಿತ್ತು.

ಅವ್ವ ಅನ್ನವನ್ನು ಅಗುಳಗುಳಾಗಿ ಆರಿಸಿ ಎಲೆಗೆ ಹಾಕಿದಳು. ಹೊರಗೆ ಬಂದ ಮೇಲೆ ರಸ್ತೆಯ ಬದಿಯಲ್ಲಿ ಕೂತು ಕೇಳಿದಳು.

“ಅವತ್ತ ಆ ಕಾಗದದಾಗ ಏನಿತ್ತು ಖರೇ ಹೇಳು.”

ಹೇಳಿದೆ. ಮಣ್ಣಿನ ಜಾಗ ಎಂದು ನಾನು ಬರೆದದ್ದು, ಅವರು ಅದನ್ನು ಮಣ್ಣು ತೆಗೆಯುವ ಜಾಗ ಎಂದು ಓದಿದ್ದು, ಮೊರಂ ಕುಣಿ ತೋರಿಸಿದ್ದು, ಎಲ್ಲಾ ಹೇಳಿದೆ. ನನ್ನಿಂದಲೇ ಆಯಿತು ಎಂದು ಬಿಕ್ಕಿದೆ. ಸ್ಮಶಾನ ಎಂಬ ಶಬ್ದ ನನಗೆ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ, ಕೈಗೆ ಬರಲಿಲ್ಲ. ಇನ್ನೊಂದು ಅರ್ಜಿ ಬರೆಯುತ್ತೇನೆ, ಈ ಸಲ ಸರಿಯಾದ ಶಬ್ದ ಹಾಕುತ್ತೇನೆ ಅಂದೆ.

ಅವ್ವ ಎಲೆಯ ಗಂಟನ್ನು ಮತ್ತೆ ಬಿಗಿದಳು. ಬೈಯುತ್ತಾಳೆ ಅಂದುಕೊಂಡೆ.

“ಬರಿ. ಆದ್ರ ಮಣ್ಣು ಅಂತನ ಬರಿ. ನಾವು ಅನ್ನೂದು ಹಂಗ. ಕಲ್ಲು ಕಂಡಿದ್ದಿಲ್ಲೇನು ಅವರಿಗೆ? ದಿಬ್ಬ ಕಂಡಿದ್ದಿಲ್ಲೇನು? ನಮ್ಮ ಮಾತು ಅವರು ಕಲೀಲಿ.”

ಬರೆದೆ. ಮಣ್ಣು ಎಂದೇ ಬರೆದೆ. ಸತ್ತವರ ಹೆಸರುಗಳನ್ನು ನೆನಪಿದ್ದಷ್ಟು ಕೆಳಗೆ ಬರೆದೆ, ನಲವತ್ತಾರು ಹೆಸರು. ಅವ್ವ ಒಂದು ಮಾತು ಸೇರಿಸಲು ಹೇಳಿದಳು. ನಾನು ಸತ್ತರೆ ನನ್ನ ಗಂಡನ ಬಲಕ್ಕೆ ನನ್ನನ್ನು ಇಡಲು ಬಿಡಬೇಕು. ಅದನ್ನೂ ಬರೆದೆ. ಉತ್ತರ ಬರಲಿಲ್ಲ. ತಿಂಗಳಿಗೊಮ್ಮೆ ಹೋಗಿ ಕೇಳಿದೆ. ಟಪಾಲಿನಲ್ಲಿದೆ ಅಂದರು. ಮೇಜಿನ ಮೇಲಿದೆ ಅಂದರು. ಆಮೇಲೆ ಯಾವ ಅರ್ಜಿ ಅಂದರು.

ಅವ್ವನಿಗೆ ಮಾತ್ರ ಬಾಗಿಲು ಮುಚ್ಚಿತು. ಆಳಾಗಿದ್ದಾಗ ದಿನವೂ ಆ ನೆಲ ಮುಟ್ಟುತ್ತಿದ್ದಳು. ಒಂದು ದಿನ ಆಳಲ್ಲ ಅಂದದ್ದಕ್ಕೆ ಅದೂ ಹೋಯಿತು. ಟಿಕೆಟ್ ತೆಗೆಸುತ್ತೇನೆ ಬಾ ಎಂದು ಎಷ್ಟು ಕರೆದರೂ ಮತ್ತೆ ಬರಲಿಲ್ಲ. ಕೇರಿಯ ಬಾವಿಕಟ್ಟೆಗೆ ಹೋಗಿ ಕೂತರೆ ಬಾಗಿನ ಮರಗಳ ತುದಿ ಕಾಣುತ್ತಿತ್ತು. ಕುತ್ತಿಗೆ ಎಡಕ್ಕೆ ತಿರುಗದು, ಬಾಗು ಇದ್ದದ್ದು ಎಡಕ್ಕೆ. ಇಡೀ ಮೈ ತಿರುಗಿಸಿ ಕೂರುತ್ತಿದ್ದಳು.

ತೊಂಬತ್ತಮೂರರ ಮಾಘದಲ್ಲಿ ಅವ್ವ ಸತ್ತಳು. ಹೆಣವನ್ನು ಮಸ್ಕಿ ರಸ್ತೆಯ ಮೊರಂ ಕುಣಿಗೆ ಒಯ್ದೆವು. ಬೇರೆ ಜಾಗ ಇರಲಿಲ್ಲ. ಸರ್ಕಾರ ಅಭ್ಯಂತರವಿಲ್ಲ ಎಂದು ಬರೆದುಕೊಟ್ಟ ಜಾಗ ಅದೊಂದೇ. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಆರು ಜನ ಗಂಡಸರು ಬೆಳಗಿನಿಂದ ಅಗೆದರೂ ಮಧ್ಯಾಹ್ನಕ್ಕೆ ಮೊಣಕಾಲಾಳ. ಗದ್ದೆಪ್ಪ ದೊಡ್ಡಪ್ಪನ ಅಂಗೈ ಸುಲಿದು ಹಾರೆಯೆಲ್ಲ ನೆತ್ತರಾಗಿತ್ತು. ಅಷ್ಟರಲ್ಲೇ ಅವ್ವನನ್ನು ಮಲಗಿಸಿದೆವು.

ಮಣ್ಣು ಕೊಡುವ ಹೊತ್ತು ಬಂತು. ಬಗ್ಗಿ ಹಿಡಿ ತುಂಬಲು ನೋಡಿದೆ. ಕೈಗೆ ಹರಳುಕಲ್ಲು ಬಂದವು. ಎಲ್ಲರಿಗೂ ಅವೇ ಬಂದವು. ಕೇರಿಯವರು ಒಬ್ಬೊಬ್ಬರಾಗಿ ಹಾಕಿದರು. ಅವ್ವನ ಎದೆಯ ಮೇಲೆ ಕಲ್ಲು ಬಿದ್ದ ಸದ್ದು ಕೇಳಿತು. ನಾನು ಕೊಡಲಿಲ್ಲ. ಕೈಯಲ್ಲಿದ್ದದ್ದನ್ನು ಕೆಳಗೆ ಬಿಟ್ಟೆ. ಇನ್ನೂ ಮುಚ್ಚಬೇಡಿ, ನಾನು ಬರುವವರೆಗೆ ಇರಿ ಎಂದು ದೊಡ್ಡಪ್ಪನಿಗೆ ಹೇಳಿ ಬಾಗಿನ ದಾರಿ ಹಿಡಿದೆ.

ಟಿಕೆಟ್ ತೆಗೆಸಿದೆ. ದಸ್ತಗೀರ್‌ಸಾಬ್‌ಗೆ ಸುದ್ದಿ ಮುಟ್ಟಿತ್ತು. ಆದಮ್ಮ ಹೋದಳಂತಲ್ಲ ಎಂದು ಕೇಳಿ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ನಾನು ಕಾರಂಜಿಯಿಂದ ಇಪ್ಪತ್ತೆರಡು ಹೆಜ್ಜೆ ಹಾಕಿ ಕೂತೆ. ಕುಕ್ಕರಗಾಲಲ್ಲಿ ಕೂತೆ. ಹುಲ್ಲಿನ ಬೇರು ಚಾಪೆಯಂತೆ ಹೆಣೆದುಕೊಂಡಿತ್ತು. ಉಗುರು ಹಾಕಿ ಕಿತ್ತೆ. ಒಂದು ಉಗುರು ಎದ್ದುಬಂತು. ಕೆಳಗೆ ಕಪ್ಪು ಮಣ್ಣು, ತಂಪು ಮಣ್ಣು. ಎರಡು ಹಿಡಿ ಬಾಚಿ ಸೆರಗಿಗೆ ಹಾಕಿ ಗಂಟು ಬಿಗಿದೆ.

ಹಿಂದಿನಿಂದ ಕೂಗು ಬಂತು.

“ಏ ಯಾರಾಕಿ ಅಕಿ? ಆ ತುದಿತನಕ ತಗಿ. ಅರ್ಧಕ್ಕ ಬಿಟ್ಟು ಎದ್ದೀಯಂದ್ರ ನೋಡು.”

ಶಿವಶರಣಪ್ಪನ ದನಿ. ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ. ನಮ್ಮ ಬೆನ್ನುಗಳಷ್ಟೇ ಅವನಿಗೆ ಗೊತ್ತು. ನನ್ನ ರವಿಕೆಯೊಳಗೆ ಟಿಕೆಟ್ ಇತ್ತು. ಅವ್ವ ಎತ್ತಿ ತೋರಿಸಿದಂತೆ ನಾನೂ ತೋರಿಸಬಹುದಿತ್ತು. ಆದರೆ ಎದ್ದರೆ ಸೆರಗಿನ ಗಂಟು ಕಾಣುತ್ತಿತ್ತು. ಕಂಡರೆ ಬಿಚ್ಚಿಸುತ್ತಿದ್ದ. ಮೊರಂ ಕುಣಿಯಲ್ಲಿ ಅವ್ವ ಇನ್ನೂ ಮುಚ್ಚದ ಗುಂಡಿಯಲ್ಲಿ ಮಲಗಿದ್ದಳು, ಮೇಲೆ ಬಿಸಿಲು.

“ಹ್ಞೂಂರೀ,” ಅಂದೆ.

ಆ ತುದಿಯವರೆಗೆ ಕಸ ತೆಗೆದೆ. ಬಗ್ಗಿಸಿದ ತಲೆ ಎತ್ತಲಿಲ್ಲ. ಪಕ್ಕಕ್ಕೆ ಸರಿಯುತ್ತ ಸರಿಯುತ್ತ ಹೋದಂತೆ ಮೊಣಕಾಲಿನಲ್ಲಿ ಅವ್ವನ ನೋವೇ ಹುಟ್ಟಿತು. ಅಂಚಿನಲ್ಲಿ ಅಪ್ಪನ ಕಲ್ಲು ಸಿಕ್ಕಿತು. ಆ ವರ್ಷ ಅದಕ್ಕೆ ಸುಣ್ಣ ಬಳಿದಿದ್ದರು. ಮೇಸ್ತ್ರಿ ಆ ಕಡೆ ಹೋದ ಮೇಲೆ ಎದ್ದು ಓಡಿದೆ.

ಕೇರಿಯವರು ಗುಂಡಿಯ ಸುತ್ತ ಬಿಸಿಲಲ್ಲಿ ಹಾಗೇ ನಿಂತಿದ್ದರು. ಯಾರೂ ತಡವಾಯಿತು ಅನ್ನಲಿಲ್ಲ. ಸೆರಗು ಬಿಚ್ಚಿದೆ. ಒಂದು ಹಿಡಿ ಅಪ್ಪನ ಕಡೆಯಿಂದ ಹಾಕಿದೆ. ಇನ್ನೊಂದು ನನ್ನದು.

ಆಮೇಲೆ ಮುಚ್ಚಿದರು.